ಬಣ್ಣ ಬದಲಿಸದ ಗೋಸುಂಬೆ ರೋಬೋ: ಲ್ಯಾಪ್‌ಟಾಪ್ ತೆರೆಯುವ ಮುಂಚೆ ಐಸ್ ತರಿಸಿ

ಸಿಲಿಕೋನ್ ಮೈ, ಗಾಳಿ ತುಂಬಿದರೆ ಬಾಗುವ ಕಾಲು, ಬೆನ್ನ ಮೇಲೆ ಬಣ್ಣ ಬದಲಿಸುವ ಚರ್ಮ. ಕೊನೇ ವರ್ಷದ ಪ್ರಾಜೆಕ್ಟಿಗೆ ಇಂಥ ಮೆತ್ತನೆ ರೋಬೋ ಮಾಡುವ ಹುಚ್ಚು ದಾವಣಗೆರೆ, ಚಿತ್ರದುರ್ಗದ ಹುಡುಗ ಹುಡುಗಿಯರಿಗೂ ಹತ್ತಿದೆ. ಒಳ್ಳೆಯದೇ. ಆದರೆ ಅದು ಕೈಕೊಟ್ಟಾಗ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಕೋಡ್ ತೆರೆಯೋದು, ಅಲ್ಲೊಂದು ಇಲ್ಲೊಂದು ಸಂಖ್ಯೆ ಬದಲಿಸೋದು, ಮತ್ತೆ ಅಪ್‌ಲೋಡ್ ಮಾಡೋದು. ಸಂಜೆಯವರೆಗೂ ಇದೇ ನಡೆಯುತ್ತದೆ.

ರಿಪೇರಿ ಟೇಬಲ್ಲಿನ ಹಿಂದೆ ಕೂತು ನೋಡಿದವನಾಗಿ ಹೇಳುತ್ತೇನೆ: ಇಂಥ ರೋಬೋಗಳ ಜಾಸ್ತಿ ಕಾಯಿಲೆ ಕೋಡಿನಲ್ಲಿ ಇರುವುದಿಲ್ಲ. ಚರ್ಮದಲ್ಲಿ ಇರುತ್ತದೆ, ಸೆಖೆಯಲ್ಲಿ ಇರುತ್ತದೆ, ಅಂಟಿನಲ್ಲಿ, ತಂತಿಯ ತುದಿಯಲ್ಲಿ ಇರುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಕೋಡಿಗೆ ಕೊನೇ ಜಾಗ. ಮೊದಲು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಮಲ್ಟಿಮೀಟರ್ ಹಿಡಿಯಿರಿ, ಅದೂ ಆದ ಮೇಲೆ ಲ್ಯಾಪ್‌ಟಾಪ್ ತೆಗೆಯಿರಿ.

ನಿಧಾನ ಅನ್ನುವುದು ದೋಷ ಅಲ್ಲ

ತುಂಬಾ ಜನ ಕೆಡದೇ ಇರುವುದನ್ನೂ ಕೆಟ್ಟಿದೆ ಅಂತ ಹೊತ್ತು ತರುತ್ತಾರೆ. "ಆಕ್ಟೋಪಸ್ ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಬಣ್ಣ ಬದಲಿಸುತ್ತೆ, ನಮ್ದು ಒಂದು ನಿಮಿಷ ತಗೊಳ್ತಿದೆ ಸಾರ್" ಅನ್ನುತ್ತಾರೆ. ಆಕ್ಟೋಪಸ್ ಚರ್ಮದಲ್ಲಿ ಬಣ್ಣದ ಪುಟ್ಟ ಪುಟ್ಟ ಚೀಲಗಳಿವೆ. ಪ್ರತಿ ಚೀಲದ ಸುತ್ತ ಸ್ನಾಯುಗಳಿದ್ದು, ಮೆದುಳಿನಿಂದ ನೇರವಾಗಿ ನರ ಬಂದಿರುತ್ತದೆ. ಸ್ನಾಯು ಎಳೆದರೆ ಚೀಲ ಅಗಲವಾಗಿ ಬಣ್ಣ ಕಾಣುತ್ತದೆ, ಬಿಟ್ಟರೆ ಚುಕ್ಕೆಯಷ್ಟು ಆಗುತ್ತದೆ. ಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಗೋಸುಂಬೆಯ ರೀತಿಯೇ ಬೇರೆ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯ ಚರ್ಮ ಪರೀಕ್ಷಿಸಿ ತೋರಿಸಿದ್ದೇನೆಂದರೆ, ಅದರ ಜೀವಕೋಶಗಳ ಒಳಗೆ ಗ್ವಾನಿನ್ ಅನ್ನುವ ವಸ್ತುವಿನ ಅತಿ ಸಣ್ಣ ಹರಳುಗಳು ಸಾಲಾಗಿ ಕೂತಿವೆ. ಹರಳುಗಳ ನಡುವಿನ ಅಂತರ ಹೆಚ್ಚಾದರೆ ಹಸಿರು ಚರ್ಮ ಹಳದಿ, ಕೆಂಪಿನ ಕಡೆ ತಿರುಗುತ್ತದೆ. ಇದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಗೋಸುಂಬೆ ಬಣ್ಣ ಬದಲಿಸುವುದು ಜಾಸ್ತಿ ಮಟ್ಟಿಗೆ ಸಿಟ್ಟು, ಜೋಡಿ ಹುಡುಕಾಟ, ಬಿಸಿಲು ಚಳಿ ಇವಕ್ಕಾಗಿಯೇ ಹೊರತು, ಕೂತ ಕೊಂಬೆಗೆ ಹೊಂದಿಕೊಳ್ಳಲು ಅಲ್ಲ. ರಾಜಕಾರಣಿಗಳಿಗೆ ಅದರ ಹೆಸರಿಟ್ಟು ನಾವು ಪಾಪ ಅದಕ್ಕೇ ಅನ್ಯಾಯ ಮಾಡಿದ್ದೇವೆ.

ಪ್ರಯೋಗಾಲಯದ ದೊಡ್ಡ ಹೆಸರುಗಳೂ ಈ ವಿಷಯದಲ್ಲಿ ನಿಧಾನವೇ. 2012ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ತೋರಿಸಿದ ರೋಬೋದಲ್ಲಿ ಸಿಲಿಕೋನ್ ಹಾಳೆಯೊಳಗೆ ಸಣ್ಣ ಕಾಲುವೆಗಳಿದ್ದವು. ಹೊರಗಿನಿಂದ ಬಣ್ಣದ ನೀರು ಪಂಪ್ ಮಾಡಿ ಅವನ್ನು ತುಂಬುತ್ತಿದ್ದರು. ಬಿಸಿ ಅಥವಾ ತಣ್ಣನೆ ದ್ರವ ಬಿಟ್ಟು ಇನ್‌ಫ್ರಾರೆಡ್ ಕ್ಯಾಮೆರಾಗೂ ಮರೆಯಾಗುವಂತೆ ಮಾಡಿದ್ದರು. ನೀರು ಹರಿದು ತುಂಬಬೇಕು ಅಂದ ಮೇಲೆ ಹೊತ್ತು ಹಿಡಿಯಲೇಬೇಕಲ್ವಾ? 2021ರಲ್ಲಿ ಸೋಲ್ ನ್ಯಾಷನಲ್ ಯೂನಿವರ್ಸಿಟಿಯವರ ಗೋಸುಂಬೆ ರೋಬೋ ಬಂತು. ಅದರಲ್ಲಿ ಬೆಳ್ಳಿಯ ನ್ಯಾನೋ ತಂತಿಗಳ ಹೀಟರ್, ಅದರ ಮೇಲೆ ಬಿಸಿಗೆ ಬಣ್ಣ ಬದಲಿಸುವ ಲಿಕ್ವಿಡ್ ಕ್ರಿಸ್ಟಲ್. ಅದು ಬೇಗ ಬದಲಾಗುತ್ತದೆ, ಯಾಕೆಂದರೆ ಪದರಗಳು ತೀರಾ ತೆಳು. ನಿಮ್ಮ ಸಿಲಿಕೋನ್ ಹಾಳೆ 3 ಮಿಲಿಮೀಟರ್ ದಪ್ಪ ಇದ್ದರೆ ಅದು ಬಿಸಿಯಾಗಲೂ ತಡ, ತಣಿಯಲು ಇನ್ನೂ ತಡ. ಬೇಗ ಬೇಕೆಂದರೆ ಹಾಳೆ ತೆಳ್ಳಗೆ ಮಾಡಿ. ಕೋಡಿನಲ್ಲಿ ಡಿಲೇ ಕಡಿಮೆ ಮಾಡಿದರೆ ಸಿಲಿಕೋನ್ ಬೇಗ ತಣಿಯುವುದಿಲ್ಲ.

ಐಸ್ ಪರೀಕ್ಷೆ

ನಮ್ಮ ಕಡೆ ಮಾಡುವ ರೋಬೋಗಳಲ್ಲಿ ಹೆಚ್ಚಿನವು ಥರ್ಮೋಕ್ರೋಮಿಕ್ ಪುಡಿಯವು. ತಣ್ಣಗಿದ್ದಾಗ ಬಣ್ಣ, ಬಿಸಿಯಾದರೆ ಬಣ್ಣ ಮಾಯ. ಪುಡಿ ಅಗ್ಗ, ಆನ್‌ಲೈನಲ್ಲಿ ಸಿಗುತ್ತದೆ, ಸಿಲಿಕೋನಿಗೆ ಕಲಸಿದರೆ ಆಯಿತು. ಅದರ ಕೆಳಗೆ ಹೀಟರ್ ತಂತಿ. ಹಾಗಾಗಿ ಈ ಜಾತಿಯಿಂದಲೇ ಶುರು ಮಾಡೋಣ.

ಬ್ಯಾಟರಿ ತೆಗೆಯಿರಿ. ವೈರ್ ಎಲ್ಲ ಬಿಡಿಸಿ. ಜ್ಯೂಸ್ ಅಂಗಡಿಯಿಂದ ನಾಲ್ಕು ತುಂಡು ಐಸ್ ತಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಚರ್ಮದ ಮೇಲಿಡಿ. ಒಂದು ನಿಮಿಷ ಬಿಟ್ಟು ಎತ್ತಿ ನೋಡಿ. ಆಮೇಲೆ ಸ್ಟೀಲ್ ಲೋಟದಲ್ಲಿ ಕೈಗೆ ತಾಳುವಷ್ಟು ಬಿಸಿನೀರು ಹಾಕಿ ಅದೇ ಜಾಗದಲ್ಲಿ ಇಡಿ.

ಐಸ್ ಇಟ್ಟಾಗ ಬಣ್ಣ ಬಂದು, ಲೋಟ ಇಟ್ಟಾಗ ಹೋದರೆ ಚರ್ಮಕ್ಕೆ ಜೀವ ಇದೆ. ತೊಂದರೆ ಸೆಖೆಯದ್ದು, ಇಲ್ಲವೇ ಹೀಟರಿನದು. ಎರಡಕ್ಕೂ ಏನೂ ಆಗದಿದ್ದರೆ ಪುಡಿ ಸತ್ತಿದೆ, ಕೋಡನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. ಅಲ್ಲಲ್ಲಿ ಮಾತ್ರ ಬಣ್ಣ ಬಂದರೆ ಕಲಸುವಾಗ ಪುಡಿ ಒಂದೇ ಸಮ ಹರಡಿಲ್ಲ, ಅಥವಾ ಗಟ್ಟಿಯಾಗುವ ಮುಂಚೆ ತಳಕ್ಕೆ ಇಳಿದಿದೆ. ಹಾಳೆ ತಿರುಗಿಸಿ ನೋಡಿ. ಕೆಳಮುಖ ಗಾಢ, ಮೇಲ್ಮುಖ ಪೇಲವ ಇದ್ದರೆ ಇಳಿದಿರುವುದು ಖಾತ್ರಿ. ಹಾಳೆಯನ್ನೇ ಮಗುಚಿ ಅಂಟಿಸಿದರೆ ಎಷ್ಟೋ ಸಲ ಕೆಲಸ ಆಗಿಹೋಗುತ್ತದೆ.

ರಾತ್ರಿ ಓಡಿತ್ತು, ಮಧ್ಯಾಹ್ನ ಓಡ್ತಿಲ್ಲ

ದಾವಣಗೆರೆಯ ನಂಬರ್ ಒನ್ ಕಂಪ್ಲೇಂಟ್ ಇದು. ಮಾರ್ಚಿನಿಂದ ಮೇ ಕೊನೆಯವರೆಗೆ ಬರುತ್ತಲೇ ಇರುತ್ತದೆ.

"ಸಾರ್, ಕೋಡ್ ಪಕ್ಕಾ ಇದೆ. ನಿನ್ನೆ ರಾತ್ರಿ ಚೆನ್ನಾಗಿ ಓಡಿತ್ತು. ಇವತ್ತು ಬಣ್ಣಾನೇ ಬರ್ತಿಲ್ಲ."

"ರಾತ್ರಿ ಎಷ್ಟು ಹೊತ್ತಿಗಪ್ಪಾ?"

"ಹನ್ನೊಂದು ಆಗಿರ್ಬೇಕು ಸಾರ್."

"ಈಗೆಷ್ಟು ಗಂಟೆ?"

"ಎರಡೂವರೆ."

ರೋಗ ಇಷ್ಟರಲ್ಲೇ ಗೊತ್ತಾಯಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪುಡಿ 31 ಡಿಗ್ರಿಯದು. ಅಂದರೆ ಸೆಲ್ಸಿಯಸ್ 31ರ ಆಸುಪಾಸಿನಲ್ಲಿ ಬಣ್ಣ ಹೋಗುತ್ತದೆ. ಕೋಣೆ 24-25 ಡಿಗ್ರಿ ಇರುವ ಊರುಗಳಿಗೆ ಅದು ಸರಿ. ಬೆರಳಿಟ್ಟರೆ ಬೆರಳಿನ ಗುರುತು ಮೂಡುತ್ತದೆ, ಮಕ್ಕಳ ಕಪ್ಪು, ಆಟಿಕೆಗಳಿಗೆ ಬಳಸುವುದೂ ಅದನ್ನೇ. ಇಲ್ಲಿ ಏಪ್ರಿಲ್, ಮೇ ಮಧ್ಯಾಹ್ನ ಹೊರಗೆ 38ರ ಹತ್ತಿರ ಹೋಗುವುದೂ ಉಂಟು. ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆಯಲ್ಲಿ ಫ್ಯಾನ್ ಹಾಕಿದರೂ 34-35 ಇರುತ್ತದೆ. ಹೀಟರ್ ಆನ್ ಮಾಡುವ ಮುಂಚೆಯೇ ಪುಡಿ ಬಣ್ಣ ಬಿಟ್ಟಾಗಿದೆ. ನಿಮ್ಮ ಗೋಸುಂಬೆ ಬೆಳಗ್ಗೆ ಹತ್ತಕ್ಕೇ ಬೆಳ್ಳಗಾಗಿ, ರಾತ್ರಿ ಹತ್ತರವರೆಗೆ ಹಾಗೇ ಬಿದ್ದಿರುತ್ತದೆ.

ಇದರ ಜೊತೆ ಇನ್ನೊಂದು ಚೇಷ್ಟೆ ಇದೆ. ಬಣ್ಣ ಹೋಗುವ ಬಿಸಿ, ವಾಪಸ್ ಬರುವ ಬಿಸಿ ಒಂದೇ ಅಲ್ಲ. 31ರಲ್ಲಿ ಹೋದದ್ದು 31ಕ್ಕೇ ಮರಳುವುದಿಲ್ಲ, ಕೆಲವು ಡಿಗ್ರಿ ಕೆಳಗೆ ಇಳಿಯಬೇಕು. ಹಾಗಾಗಿ ಕೋಣೆ 29-30 ಇದ್ದಾಗ ವಿಚಿತ್ರ ಕಾಣುತ್ತದೆ. ಬೆಳಗ್ಗೆ ಬಂದಾಗ ಬಣ್ಣ ಇರುತ್ತದೆ, ಹೀಟರ್ ಹಾಕಿದರೆ ಸರಿಯಾಗಿ ಹೋಗುತ್ತದೆ, ಆಫ್ ಮಾಡಿದರೆ ಮಾತ್ರ ಬರುವುದಿಲ್ಲ. ನೋಡಿದವರು "ಹೀಟರ್ ಆಫ್ ಆಗ್ತಿಲ್ಲ, ಮಾಸ್‌ಫೆಟ್ ಶಾರ್ಟ್ ಆಗಿದೆ" ಅಂದುಕೊಂಡು ಮಾಸ್‌ಫೆಟ್, ಅಂದರೆ ಹೀಟರಿನ ಕರೆಂಟು ಆನ್-ಆಫ್ ಮಾಡುವ ಬಿಡಿಭಾಗ, ಬದಲಿಸುತ್ತಾರೆ. ಅದನ್ನು ಮುಟ್ಟುವ ಮುಂಚೆ ಚರ್ಮ ಮುಟ್ಟಿ ನೋಡಿ. ಬಿಸಿ ಇಲ್ಲದೆ ಬೆಳ್ಳಗಿದ್ದರೆ ಹೀಟರ್ ಆಫ್ ಆಗಿದೆ, ಪುಡಿ ಇನ್ನೂ ತಣಿದಿಲ್ಲ ಅಷ್ಟೇ.

ಪರಿಹಾರ ಏನು? ಎಸಿ ಕೋಣೆಯಲ್ಲಿ ಡೆಮೋ ಕೊಡೋದು ಒಂದು ದಾರಿ. ನನಗೆ ಅದು ಒಪ್ಪಿಗೆಯಾಗದ ದಾರಿ, ಹೊರಗೆ ಬಂಡೆ ಮೇಲೆ ಅಡಗಬೇಕಾದ ರೋಬೋ ಎಸಿ ಕೋಣೆಯಲ್ಲಿ ಅಡಗಿ ಏನು ಸಾಧಿಸಿತು? ಸರಿಯಾದ ದಾರಿ ಅಂದರೆ ಪುಡಿ ಬದಲಿಸೋದು. 43-45 ಡಿಗ್ರಿಯ ಪುಡಿಯೂ ಸಿಗುತ್ತದೆ. ಆರ್ಡರ್ ಮಾಡುವಾಗ ಬಣ್ಣ ಮಾತ್ರ ನೋಡಬೇಡಿ, ಡಿಗ್ರಿ ನೋಡಿ. 45ರ ಪುಡಿ ಹಾಕಿದರೆ ಕೋಣೆ 36 ಇದ್ದರೂ ಬಣ್ಣ ನಿಲ್ಲುತ್ತದೆ. ಹೀಟರಿಗೆ ಕೆಲಸವೂ ಕಡಿಮೆ, 36ರಿಂದ ಸುಮಾರು ಹತ್ತು ಡಿಗ್ರಿ ಏರಿಸಿದರೆ ಸಾಕು. ಚಳಿಗಾಲದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕಾಯಬೇಕು.

ಕೆಲವರು ಪೆಲ್ಟಿಯರ್, ಅಂದರೆ ಕರೆಂಟು ಕೊಟ್ಟರೆ ಒಂದು ಮುಖ ತಣ್ಣಗಾಗುವ ಬಿಲ್ಲೆ, ಹಾಕಿ ತಣ್ಣಗೆ ಮಾಡುತ್ತೇವೆ ಅನ್ನುತ್ತಾರೆ. ಬೇಡ. ಮಾರ್ಕೆಟ್ಟಿನಲ್ಲಿ ಸಿಗುವ ಮಾಮೂಲು ಪೆಲ್ಟಿಯರ್ ಗಟ್ಟಿ ಸೆರಾಮಿಕ್ ಬಿಲ್ಲೆ, ಮೆತ್ತನೆ ಮೈಗೆ ಹೊಂದುವುದಿಲ್ಲ. ಒಂದು ಮುಖ ತಣ್ಣಗಾದರೆ ಇನ್ನೊಂದು ಮುಖದ ಬಿಸಿಯನ್ನು ಎಲ್ಲಾದರೂ ಬಿಡಬೇಕು, ಆ ಬಿಸಿ ನಿಮ್ಮ ಸಿಲಿಕೋನಿಗೇ ಬರುತ್ತದೆ. ಬ್ಯಾಟರಿಯೂ ನೋಡನೋಡುತ್ತ ಖಾಲಿ.

ಪುಡಿ ಯಾಕೆ ಸಾಯುತ್ತದೆ

ಥರ್ಮೋಕ್ರೋಮಿಕ್ ಪುಡಿಯ ಪ್ರತಿ ಕಣವೂ ಒಂದು ಮುಚ್ಚಿದ ಗುಳಿಗೆ. ಒಳಗೆ ಬಣ್ಣ, ಬಣ್ಣ ತರಿಸುವ ಆಮ್ಲ, ಕರಗುವ ಮೇಣದಂಥ ವಸ್ತು, ಮೂರೂ ಇರುತ್ತವೆ. ಗುಳಿಗೆ ಒಡೆದರೆ ಆಟ ಮುಗಿಯಿತು. ಗಂಟು ಬಿಡಿಸಲು ಒರಳಿಗೆ ಹಾಕಿ ಅರೆದವರಿದ್ದಾರೆ, ತೆಳ್ಳಗಾಗಲಿ ಅಂತ ಥಿನ್ನರ್ ಅಥವಾ ಅಸಿಟೋನ್ ಸುರಿದವರಿದ್ದಾರೆ. ಎರಡೂ ಗುಳಿಗೆಯನ್ನು ಕೊಲ್ಲುತ್ತವೆ. ಸಿಲಿಕೋನಿನ ಒಂದು ಭಾಗಕ್ಕೆ ಪುಡಿ ಹಾಕಿ ಐಸ್‌ಕ್ರೀಂ ಕಡ್ಡಿಯಿಂದ ನಿಧಾನವಾಗಿ ತಿರುಗಿಸಿ, ಸಾಕು.

ಇನ್ನೊಂದು ಶತ್ರು ಬಿಸಿಲು. ಬಿಸಿಯಲ್ಲ, ಬಿಸಿಲಿನ ಅಲ್ಟ್ರಾವಯೊಲೆಟ್. ಟೆರೇಸಿನ ಮೇಲೆ ಒಣಗಲಿ ಅಂತ ದಿನಗಟ್ಟಲೆ ಇಟ್ಟ ಹಾಳೆ ಮೊದಲು ಪೇಲವ ಆಗಿ, ಆಮೇಲೆ ಐಸ್ ಇಟ್ಟರೂ ಬಣ್ಣ ತೋರಿಸುವುದಿಲ್ಲ. ಅದಕ್ಕೆ ಮದ್ದಿಲ್ಲ, ಹೊಸ ಹಾಳೆ ಹೊಯ್ಯಬೇಕು. ಹೊರಗೆ ಡೆಮೋ ಇದ್ದರೆ ಆ ಹೊತ್ತಿಗೆ ಮಾತ್ರ ಹೊರಗೆ ತನ್ನಿ, ಉಳಿದ ಹೊತ್ತು ಬಟ್ಟೆ ಮುಚ್ಚಿಡಿ.

ಲಿಕ್ವಿಡ್ ಕ್ರಿಸ್ಟಲ್ ಹಾಳೆ ಬಳಸಿದವರಿಗೆ ಒಂದೇ ಮಾತು: ಕೆಳಗೆ ಕಪ್ಪು ಪದರ ಇದೆಯಾ ನೋಡಿ. ಕಪ್ಪು ಇಲ್ಲದಿದ್ದರೆ ಕೆಂಪು, ಹಸಿರು, ನೀಲಿ ಎಲ್ಲ ಹಿಂದಿನ ಬೆಳಕಿನಲ್ಲಿ ಕರಗಿಹೋಗುತ್ತವೆ. ಬಿಳಿ ಸಿಲಿಕೋನ್ ಮೇಲೆ ನೇರ ಬಳಿದು "ಏನೂ ಕಾಣ್ತಿಲ್ಲ" ಅಂದರೆ ಹಾಳೆಯದು ತಪ್ಪಿಲ್ಲ. ತಣ್ಣಗಿನ ಕಡೆ ಕೆಂಪು, ಬಿಸಿ ಕಡೆ ನೀಲಿ ಕಾಣುವುದು ಅದರ ಸ್ವಭಾವ. ನಲ್ಲಿಯ ಗುರುತಿಗೆ ಉಲ್ಟಾ ಆಯ್ತು ಅಂತ ವೈರ್ ತಿರುಗಿಸಬೇಡಿ.

ಹೀಟರ್ ಬಿಸಿಯಾಗ್ತಿಲ್ಲ

ಈಗ ಮಲ್ಟಿಮೀಟರ್ ತೆಗೆಯಿರಿ. ಹೀಟರಿನ ಎರಡು ತುದಿಗೆ ಹಿಡಿದು ಓಮ್ ನೋಡಿ. ಉದಾಹರಣೆಗೆ 24 ಓಮ್ ಬಂತು ಅಂದುಕೊಳ್ಳಿ. 12 ವೋಲ್ಟ್ ಕೊಟ್ಟರೆ ಅರ್ಧ ಆಂಪಿಯರ್, 6 ವ್ಯಾಟ್. ಅಂಗೈ ಅಗಲದ ಚರ್ಮಕ್ಕೆ ಅದು ಧಾರಾಳ. ಅದೇ ಹೀಟರಿಗೆ 5 ವೋಲ್ಟ್ ಕೊಟ್ಟರೆ ಒಂದು ವ್ಯಾಟಿನ ಆಸುಪಾಸು. ವೋಲ್ಟ್ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಯ್ತು ಅಷ್ಟೇ ಅನಿಸುತ್ತದೆ, ಬಿಸಿ ಮಾತ್ರ ಆರರಲ್ಲಿ ಒಂದು ಪಾಲು. ಮೊಬೈಲ್ ಪವರ್‌ಬ್ಯಾಂಕಿನಿಂದ ಹೀಟರ್ ಓಡಿಸಲು ಹೋದವರ ಕಥೆ ಇದು.

ಮೀಟರ್ ಹಿಡಿದುಕೊಂಡೇ ಚರ್ಮವನ್ನು ಮೆಲ್ಲಗೆ ಎಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಇದರಲ್ಲೇ ಅರ್ಧ ಉತ್ತರ ಇದೆ. ಟೇಬಲ್ಲಿನ ಮೇಲೆ ಸುಮ್ನೆ ಮಲಗಿದ್ದಾಗ 24 ಓಮ್ ತೋರಿಸಿ, ಕಾಲು ಬಾಗಿದಾಗ 200ಕ್ಕೆ ಹಾರಿದರೆ ಹೀಟರಾಗಿ ಎಳೆದ ಬೆಳ್ಳಿ ಇಂಕಿನ ಗೆರೆ ಬಿರುಕು ಬಿಟ್ಟಿದೆ. ಎಳೆದಾಗ ಬಿರುಕು ತೆರೆಯುತ್ತದೆ, ಬಿಟ್ಟಾಗ ಕೂಡುತ್ತದೆ. ಅದಕ್ಕೇ ರೋಬೋ ನಿಂತಾಗ ಬಣ್ಣ ಬದಲಿಸುತ್ತದೆ, ನಡೆದಾಗ ಇಲ್ಲ. ಗೆರೆಯನ್ನು ನೇರ ಎಳೆಯುವ ಬದಲು ಹಾವಿನಂತೆ ಅಂಕುಡೊಂಕಾಗಿ ಎಳೆಯಿರಿ. ಮೈ ಹಿಗ್ಗಿದಾಗ ಗೆರೆ ನೆಟ್ಟಗಾಗುತ್ತದೆಯೇ ಹೊರತು ಹರಿಯುವುದಿಲ್ಲ.

ಹೀಟರ್ ನೈಕ್ರೋಮ್ (ನಿಕ್ಕಲ್, ಕ್ರೋಮಿಯಂ ಬೆರೆತ ಲೋಹ) ತಂತಿಯದಾದರೆ ತೊಂದರೆ ತುದಿಯಲ್ಲಿರುತ್ತದೆ. ನೈಕ್ರೋಮಿಗೆ ಮಾಮೂಲು ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಾಣುತ್ತದೆ, ಬೆಳ್ಳಗೆ ಗುಂಡಗೆ ಚೆನ್ನಾಗೂ ಇರುತ್ತದೆ, ಎರಡು ಸಲ ಬಿಸಿಯಾದರೆ ಕಳಚಿಕೊಳ್ಳುತ್ತದೆ. ಲಗ್ ಹಾಕಿ ಇಕ್ಕಳದಿಂದ ಒತ್ತಿ, ಇಲ್ಲವೇ ಸ್ಕ್ರೂ ಟರ್ಮಿನಲ್ ಹಾಕಿ.

ಹೀಟರ್ ಸರಿ ಇದ್ದೂ ಬಿಸಿ ಬರದಿದ್ದರೆ ಮಾಸ್‌ಫೆಟ್ ಮೇಲೆ ಬರೆದಿರುವ ಅಕ್ಷರ ಓದಿ. ಐಆರ್‌ಎಫ್‌ಜೆಡ್44ಎನ್ ಅಂತಿದ್ದರೆ ಅಲ್ಲೇ ಸಿಕ್ಕಿಬಿತ್ತು. ಅದಕ್ಕೆ ಪೂರ್ತಿ ತೆರೆಯಲು ಗೇಟಿನಲ್ಲಿ, ಅಂದರೆ ಆನ್ ಮಾಡುವ ಕಾಲಿನಲ್ಲಿ, 10 ವೋಲ್ಟ್ ಬೇಕು. ಇಎಸ್‌ಪಿ32 ಕಂಟ್ರೋಲರ್ ಬೋರ್ಡ್ ಕೊಡುವುದು 3.3 ವೋಲ್ಟ್. ಅರೆಬರೆ ತೆರೆದು ನಿಲ್ಲುತ್ತದೆ, ಹೀಟರಿಗೆ ಹೋಗಬೇಕಾದ ಬಿಸಿ ಮಾಸ್‌ಫೆಟ್ಟಿಗೇ ಹೋಗುತ್ತದೆ. ಆನ್ ಇದ್ದಾಗ ಡ್ರೇನ್, ಸೋರ್ಸ್ ಅನ್ನುವ ಉಳಿದೆರಡು ಕಾಲುಗಳ ನಡುವೆ ವೋಲ್ಟ್ ಅಳೆಯಿರಿ. ಸರಿ ಇದ್ದರೆ 0.1ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರಬೇಕು. 2-3 ವೋಲ್ಟ್ ನಿಂತಿದ್ದರೆ ತಪ್ಪು ಮಾಸ್‌ಫೆಟ್. ಹೆಸರಿನಲ್ಲಿ ಎಫ್ ಬದಲು ಎಲ್ ಇರುವ ಐಆರ್‌ಎಲ್‌ಜೆಡ್44ಎನ್ ಹಾಕಿದರೆ ಸಣ್ಣ ಹೀಟರಿಗೆ ನಡೆಯುತ್ತದೆ. ಅಂಗಡಿಯವರು "ಎರಡೂ ಒಂದೇ, ತಗೊಂಡ್ ಹೋಗಿ" ಅನ್ನುತ್ತಾರೆ. ಒಂದೇ ಅಲ್ಲ.

ಉಲ್ಟಾ ತೊಂದರೆಯೂ ಇದೆ: ಅತಿ ಬಿಸಿ. ಚರ್ಮದ ಬಿಸಿ ಅಳೆಯುವ 10ಕೆ ಥರ್ಮಿಸ್ಟರ್ ಅಂಟು ಬಿಟ್ಟು ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು ಕೋಣೆಯ ಬಿಸಿಯನ್ನೇ ಓದುತ್ತದೆ. ಕಂಟ್ರೋಲರ್ "ಇನ್ನೂ ಬಿಸಿಯಾಗಿಲ್ಲ" ಅಂದುಕೊಂಡು ಹೀಟರನ್ನು ಉರಿಸುತ್ತಲೇ ಇರುತ್ತದೆ. ಸುಟ್ಟ ವಾಸನೆ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಸಿಲಿಕೋನ್ ಜಿಗಟಾಗೇ ಉಳಿದಿದೆ, ಪದರ ಬಿಡ್ತಿದೆ

ಎರಡು ಭಾಗ ಕಲಸಿ ಹೊಯ್ಯುವ ಪ್ಲಾಟಿನಂ ಸಿಲಿಕೋನಿಗೆ ಗಂಧಕ ಅಂದರೆ ಆಗುವುದಿಲ್ಲ. ಮೆಡಿಕಲ್ ಅಂಗಡಿಯ ಲೇಟೆಕ್ಸ್ ಕೈಗವಸಿನಲ್ಲಿ ಗಂಧಕ ಇರುತ್ತದೆ. ಅದನ್ನು ತೊಟ್ಟು ಕಲಸಿದರೆ, ಅಥವಾ ಅದು ತಾಗಿದ ಕಡ್ಡಿಯಿಂದ ತಿರುಗಿಸಿದರೆ ಎರಡು ದಿನ ಬಿಟ್ಟು ನೋಡಿದರೂ ಮೇಲ್ಮೈ ಜಿಗಟು. ರೆಸಿನ್ 3ಡಿ ಪ್ರಿಂಟರಿನ ಅಚ್ಚಿನಲ್ಲೂ ಇದೇ ಪಾಡು. ವಿನೈಲ್ ಗವಸು ಹಾಕಿ, ಅಚ್ಚಿಗೆ ಪಿಎಲ್‌ಎ ಅನ್ನುವ 3ಡಿ ಪ್ರಿಂಟರ್ ಪ್ಲಾಸ್ಟಿಕ್ ಬಳಸಿ. ಬೇಗ ಗಟ್ಟಿಯಾಗಲಿ ಅಂತ ಪಿಎಲ್‌ಎ ಅಚ್ಚನ್ನು ಓವನ್ನಿಗೆ ಹಾಕುವುದಾದರೆ 60 ಡಿಗ್ರಿಯ ಹತ್ತಿರ ಹೋಗಬೇಡಿ, ಅಚ್ಚೇ ಸೊಟ್ಟಗಾಗುತ್ತದೆ.

ಸೆಖೆ ಇಲ್ಲೂ ಕೈಯಾಡಿಸುತ್ತದೆ. ಜಾಸ್ತಿ ಜನ ಬಳಸುವ ಇಕೋಫ್ಲೆಕ್ಸ್ 00-30 ಸಿಲಿಕೋನಿಗೆ ಹೇಳಿರುವ 45 ನಿಮಿಷ, ಅಂದರೆ ಕಲಸಿದ ಮೇಲೆ ಹೊಯ್ಯಲು ಸಿಗುವ ಸಮಯ, 23 ಡಿಗ್ರಿಯ ಕೋಣೆಗೆ. ನಮ್ಮ ಮೇ ಮಧ್ಯಾಹ್ನ ಅಷ್ಟು ಹೊತ್ತು ಸಿಗುವುದಿಲ್ಲ. ಗುಳ್ಳೆ ಮೇಲೆ ಬರುವ ಮುಂಚೆಯೇ ಗಟ್ಟಿಯಾಗಲು ಶುರು. ಹಾಳೆಯಲ್ಲಿ ಗುಳ್ಳೆ ಜಾಸ್ತಿ ಇದ್ದರೆ ವ್ಯಾಕ್ಯೂಮ್ ಪಂಪನ್ನು ಬೈಯುವ ಮುಂಚೆ ಹೊತ್ತು ಬದಲಿಸಿ ನೋಡಿ. ಬೆಳಗ್ಗೆ ಆರಕ್ಕೆ ಹೊಯ್ದ ಹಾಳೆಗೂ ಮಧ್ಯಾಹ್ನದ ಹಾಳೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರುತ್ತದೆ.

ಪದರ ಬಿಡುವುದಕ್ಕೆ ಮುಖ್ಯ ಕಾರಣ ಎಣ್ಣೆ. ಸಂಜೆ ನಾಲ್ಕೂವರೆಗೆ ಮಂಡಕ್ಕಿ, ಮೆಣಸಿನಕಾಯಿ ತಿಂದು ಪ್ಯಾಂಟಿಗೆ ಕೈ ಒರೆಸಿಕೊಂಡು ಬಂದು ಸಿಲಿಕೋನ್ ಮುಟ್ಟಿದರೆ, ಬೆರಳು ಬಿದ್ದ ಜಾಗದಲ್ಲೆಲ್ಲ ಮುಂದಿನ ಪದರ ಹಿಡಿಯುವುದಿಲ್ಲ. ಬಿಟ್ಟ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, ಬೆರಳ ಗುರುತು ಕಂಡರೆ ಕಾರಣ ಅದೇ. ಅಂಟಿಸುವ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಲು ಬಿಡಿ. ಫೆವಿಕ್ವಿಕ್ ಇದಕ್ಕೆ ಆಗುವುದಿಲ್ಲ, ಗಟ್ಟಿಯಾದ ಸಿಲಿಕೋನಿಗೆ ಸಿಲಿಕೋನೇ ಅಂಟು. ಅದೇ ಮಿಶ್ರಣ ತೆಳ್ಳಗೆ ಬಳಿಯಿರಿ. ಹಾರ್ಡ್‌ವೇರ್ ಅಂಗಡಿಯ ಸೀಲೆಂಟ್ ಕೂಡ ತುರ್ತಿಗೆ ನಡೆಯುತ್ತದೆ, ಆದರೆ ವಿನೆಗರ್ ವಾಸನೆ ಬರುವಂಥದ್ದನ್ನು ಬರಿಯ ತಾಮ್ರದ ತಂತಿಯ ಹತ್ತಿರ ಹಚ್ಚಬೇಡಿ. ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ, ನಾಲ್ಕು ದಿನಕ್ಕೆ ಹಸಿರು ಬಣ್ಣಕ್ಕೆ ತಿರುಗುತ್ತದೆ.

ಬಣ್ಣದ ನೀರು ಕೊನೆಯವರೆಗೆ ಹೋಗ್ತಿಲ್ಲ

ಹಾರ್ವರ್ಡ್ ದಾರಿ ಹಿಡಿದು ಕಾಲುವೆ ಮಾಡಿದವರಿಗೆ ಇದು. ಇಲ್ಲಿ ಐಸ್ ಬೇಡ, ಸಿರಿಂಜ್ ಸಾಕು. ಪಂಪ್ ಬಿಚ್ಚಿ ಸಿರಿಂಜಿನಿಂದ ಬಣ್ಣದ ನೀರು ಒತ್ತಿ. ಕೈಗೆ ಸಲೀಸಾಗಿ ಹೋದರೆ ಪಂಪ್ ನೋಡಿ, ಕೈಗೂ ಭಾರ ಅನಿಸಿದರೆ ಕಾಲುವೆ ಕಟ್ಟಿದೆ. ಎರಡು ಹಾಳೆ ಅಂಟಿಸುವಾಗ ಹಸಿ ಸಿಲಿಕೋನ್ ಕಾಲುವೆಗೆ ಇಳಿದು ಗಟ್ಟಿಯಾಗಿರುವುದೇ ಜಾಸ್ತಿ. ಪೂರ್ತಿ ಮುಚ್ಚದೆ ಸ್ವಲ್ಪ ಕಿರಿದಾದರೂ ಸಾಕು, ಹೊಡೆತ ದೊಡ್ಡದು: ದುಂಡನೆ ಕೊಳವೆಯ ವ್ಯಾಸ ಅರ್ಧ ಆದರೆ ಅದೇ ಒತ್ತಡಕ್ಕೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಕಾಲುವೆಗಳನ್ನು ಒಂದು ಉದ್ದನೆ ಮುಖ್ಯ ಕೊಳವೆಗೆ ಸಾಲಾಗಿ ಜೋಡಿಸಿದ್ದರೆ ಇನ್ನೊಂದು ತೊಂದರೆ. ಶುರುವಿನ ಕವಲುಗಳು ಹೊಟ್ಟೆ ತುಂಬ ಕುಡಿಯುತ್ತವೆ, ಕೊನೆಯವು ಒಣಗಿರುತ್ತವೆ. ಭದ್ರಾ ನಾಲೆಯ ಕೊನೇ ಭಾಗದ ಗದ್ದೆಗಳ ಕಥೆ ಗೊತ್ತಿರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲೆಯನ್ನು ಸರಿಮಾಡೋದು ನಮ್ಮ ಕೈಲಿಲ್ಲ, ಅಚ್ಚನ್ನು ಸರಿಮಾಡಬಹುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲ ಕವಲಿನ ಉದ್ದವೂ ಒಂದೇ ಇರುವಂತೆ ಕೊರೆಯಿರಿ.

ನೀರು ಬೋರ್‌ವೆಲ್ಲಿನದು ಬೇಡ. ಒಣಗಿದಾಗ ಬಿಳಿ ಉಪ್ಪು ಉಳಿದು ಸಣ್ಣ ಕಾಲುವೆ ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ. ತುಂಬಿ ಒಂದು ರಾತ್ರಿ ಬಿಟ್ಟ ಕಾಲುವೆಯಲ್ಲಿ ಬೆಳಗ್ಗೆ ಗುಳ್ಳೆ ಕಂಡರೆ ತೂತು ಹುಡುಕುತ್ತ ಕೂರಬೇಡಿ. ಸಿಲಿಕೋನ್ ಮೂಲಕ ಗಾಳಿ, ನೀರಿನ ಆವಿ ಎರಡೂ ಹಾಯುತ್ತವೆ. ಕೆಲಸ ಮುಗಿದ ಮೇಲೆ ಖಾಲಿ ಮಾಡಿಡಿ. ಹೊತ್ತು ಕಳೆದಂತೆ ಕೆಲವು ಡೈ ಸಿಲಿಕೋನಿಗೇ ಇಳಿದು ಕಲೆ ಬೀಳುತ್ತದೆ, ಅದು ತೊಳೆದರೆ ಹೋಗುವುದಿಲ್ಲ.

ಕಾಲು ಏಳ್ತಿಲ್ಲ

ಬಕೆಟ್ ನೀರಿನಲ್ಲಿ ಮುಳುಗಿಸಿ ಗಾಳಿ ಬಿಡಿ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಕ್ರಮವೇ. ಮುಳುಗಿಸುವ ಮುಂಚೆ ಎಲೆಕ್ಟ್ರಾನಿಕ್ಸ್ ಕಳಚಿ. ಗುಳ್ಳೆ ಜಾಸ್ತಿ ಸಲ ಬರುವುದು ಮೈಯಿಂದಲ್ಲ, ಟ್ಯೂಬ್ ಒಳಗೆ ಹೋಗುವ ಜಾಗದಿಂದ. ಗಾಳಿ ನಿಲ್ಲುತ್ತದೆ ಆದರೆ ಕಾಲು ಬಾಗದೆ ಸುಮ್ನೆ ಊದಿಕೊಳ್ಳುತ್ತದೆ ಅಂದರೆ ಕೆಳಗಿನ ಹಿಗ್ಗದ ಪದರ, ಅಂದರೆ ಬಟ್ಟೆ ಅಥವಾ ಕಾಗದ, ಬಿಟ್ಟುಕೊಂಡಿದೆ. ಒತ್ತಡ ಏರಿಸಿ ನೋಡೋಣ ಅನ್ನುವುದು ಬೇಡ. ಈ ಜಾತಿಯ ಕಾಲುಗಳು 10 ಪಿಎಸ್‌ಐ ಒಳಗೇ ಕೆಲಸ ಮಾಡಬೇಕು, ಆಗದಿದ್ದರೆ ತಪ್ಪು ಬೇರೆಲ್ಲೋ ಇದೆ.

ಈಗ ಲ್ಯಾಪ್‌ಟಾಪ್

ಚರ್ಮ, ಹೀಟರ್, ಗಾಳಿ ಮೂರೂ ಕೈಯಲ್ಲಿ ಸರಿ ಕಂಡ ಮೇಲೆ ಬೋರ್ಡ್ ಜೋಡಿಸಿ.

ಪಂಪ್ ಶುರುವಾದ ಕ್ಷಣ ಬೋರ್ಡ್ ರೀಸೆಟ್ ಆಗಿ, ಸೀರಿಯಲ್ ಮಾನಿಟರಿನಲ್ಲಿ "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಅಂತ ಬಂದರೆ ಕೋಡ್ ಅಲ್ಲ, ಕರೆಂಟು. ಪಂಪ್ ಎಳೆದಾಗ ವೋಲ್ಟ್ ಕುಸಿದಿದೆ. ಪಂಪಿಗೆ ಬೇರೆ ಸಪ್ಲೈ ಕೊಡಿ, ನೆಗೆಟಿವ್ ಮಾತ್ರ ಎರಡಕ್ಕೂ ಸೇರಿಸಿ. ಪಂಪಿನ ಎರಡು ತುದಿಗೆ ಡಯೋಡ್ ಇದೆಯಾ ನೋಡಿ, ಇಲ್ಲದಿದ್ದರೆ ಮಾಸ್‌ಫೆಟ್ ಬದಲಿಸಿ ಬದಲಿಸಿ ಸುಸ್ತಾಗುತ್ತೀರಿ.

ಕೂತ ಜಾಗದ ಬಣ್ಣ ಓದುವ ಸೆನ್ಸರ್ ಬೋರ್ಡಿಗೆ ಸಿಗ್ತಾನೇ ಇಲ್ಲ ಅಂದರೆ ಜೊತೆಗೆ ದೂರ ಅಳೆಯುವ ಲೇಸರ್ ಸೆನ್ಸರ್ ಹಾಕಿದ್ದೀರಾ ಯೋಚಿಸಿ. ಟಿಸಿಎಸ್34725 ಬಣ್ಣದ ಸೆನ್ಸರ್ ಮತ್ತು ವಿಎಲ್53ಎಲ್0ಎಕ್ಸ್ ದೂರದ ಸೆನ್ಸರ್, ಎರಡರ ಐ2ಸಿ (ಸೆನ್ಸರುಗಳು ಬೋರ್ಡ್ ಜೊತೆ ಮಾತಾಡುವ ಎರಡು ತಂತಿಯ ಬಸ್) ವಿಳಾಸವೂ 0ಎಕ್ಸ್29. ಒಂದೇ ಮನೆ ನಂಬರಿಗೆ ಇಬ್ಬರು ಓಗೊಡುತ್ತಾರೆ, ಬಸ್ ಕಂಗಾಲು. ದೂರದ ಸೆನ್ಸರಿನ ವಿಳಾಸವನ್ನು ಶುರುವಿನಲ್ಲೇ ಕೋಡಿನಿಂದ ಬದಲಿಸಬಹುದು. ಬಣ್ಣದ ಸೆನ್ಸರಿನದು ಬದಲಾಗುವುದಿಲ್ಲ. ಆದರೆ ದೂರದ್ದರ ವಿಳಾಸ ಬದಲಿಸುವ ಹೊತ್ತಿನಲ್ಲೂ ಇಬ್ಬರೂ ಓಗೊಡುತ್ತಾರೆ, ಹಾಗಾಗಿ ಎರಡನ್ನು ಎರಡು ಬಸ್ಸಿಗೆ ಹಾಕುವುದೇ ಸಲೀಸು.

ಸೆನ್ಸರ್ ಸಿಗುತ್ತದೆ, ಆದರೆ ಬಣ್ಣ ಗಳಿಗೆಗೊಂದು ಓದುತ್ತದೆ ಅನ್ನುವುದು ಹಳೇ ಟ್ಯೂಬ್‌ಲೈಟ್ ಕೋಣೆಯ ಕಾಯಿಲೆ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆನ್ಸರ್ 2.4 ಮಿಲಿಸೆಕೆಂಡ್ ಮಾತ್ರ ನೋಡಿದರೆ ಒಮ್ಮೆ ಬೆಳಕು, ಒಮ್ಮೆ ಕತ್ತಲು ಸಿಗುತ್ತದೆ. 50 ಮಿಲಿಸೆಕೆಂಡಿಗೆ ಏರಿಸಿ, ಓದುವಿಕೆ ನಿಲ್ಲುತ್ತದೆ. ಆಮೇಲೆ ಸೆನ್ಸರಿನ ಸುತ್ತ ಕಪ್ಪು ಸಿಲಿಕೋನಿನ ಅಂಚು ಕಟ್ಟಿ, ಹೊರಗಿನ ಬೆಳಕು ಬರದಿರಲಿ. ಬಿಳಿ ಕಾಗದ ತೋರಿಸಿ ಬಿಳುಪು ಹೊಂದಿಸಿ.

ಒಂದು ತಂಡದವರು ಚಿತ್ರದುರ್ಗದ ಬಂಡೆಯ ಮೇಲೆ ಅಡಗುವ ರೋಬೋ ಮಾಡಿದ್ದರು. ಟೇಬಲ್ಲಿನ ಮೇಲೆ ಇಟ್ಟ ಬೂದು ಕಾಗದಕ್ಕೆ ಸರಿಯಾಗಿ ಹೊಂದುತ್ತಿತ್ತು, ಕೋಟೆಯ ಬಂಡೆ ಮೇಲೆ ಎಡವಟ್ಟು. ಅಲ್ಲಿನ ಬಂಡೆ ಒಂದೇ ಬೂದು ಅಲ್ಲ. ಮಳೆ ನೀರು ಇಳಿದ ಕಪ್ಪು ಪಟ್ಟೆ, ಒಣಗಿದ ಕಲ್ಲುಹೂವಿನ ಬಿಳಿ ಕಲೆ, ನಡುವೆ ಕೆಂಪಿನ ಛಾಯೆ, ಎಲ್ಲ ಗೇಣಗಲದಲ್ಲಿ ಸಿಗುತ್ತವೆ. ಸೆನ್ಸರ್ ನೋಡುವುದು ಕಾಸಿನಗಲ ಜಾಗ. ಅದು ಕಪ್ಪು ಪಟ್ಟೆಯ ಮೇಲೆ ನಿಂತರೆ ಇಡೀ ಮೈ ಕಪ್ಪಾಗುತ್ತದೆ. ಇದು ದೋಷ ಅಲ್ಲ, ವಿನ್ಯಾಸದ ಕೊರತೆ. ಕಟ್ಲ್‌ಫಿಶ್ ಕಣ್ಣಿನಲ್ಲಿ ಬೆಳಕು ಹಿಡಿಯುವ ಒಂದೇ ಜಾತಿಯ ಬಣ್ಣದ್ರವ್ಯ ಇದೆ, ನಮ್ಮ ಹಾಗೆ ಬಣ್ಣ ಬಣ್ಣ ಅಂತ ಅದಕ್ಕೆ ಕಾಣುವುದಿಲ್ಲ. ಆದರೂ ಅದು ಚೆನ್ನಾಗಿ ಅಡಗುತ್ತದೆ, ಯಾಕೆಂದರೆ ಅದು ಬೆಳಕು ನೆರಳಿನ ಅಳತೆ, ಚುಕ್ಕೆಯ ಗಾತ್ರ, ಅಂಚು ಇವನ್ನು ಹಿಡಿಯುತ್ತದೆ. ಚರ್ಮವನ್ನು ನಾಲ್ಕೈದು ತುಂಡಾಗಿಸಿ ಪ್ರತಿ ತುಂಡಿಗೂ ಬೇರೆ ಹೀಟರ್ ಕೊಡಿ, ಸೆನ್ಸರ್ ಎರಡು ಮೂರು ಕಡೆ ಓದಲಿ. ಬಣ್ಣ ಹೆಚ್ಚುಕಮ್ಮಿ ಆದರೂ ಪಟ್ಟೆ ಹೊಂದಿದರೆ ಕಣ್ಣಿಗೆ ಸಿಗುವುದು ಕಷ್ಟ.

ಡೆಮೋ ದಿನ

ರೋಬೋವನ್ನು ಕಾರಿನ ಡಿಕ್ಕಿಯಲ್ಲಾಗಲಿ, ಬಸ್ಸಿನ ಕಿಟಕಿ ಬಿಸಿಲಲ್ಲಾಗಲಿ ಇಡಬೇಡಿ. ಥರ್ಮೋಕೋಲ್ ಡಬ್ಬಿಯಲ್ಲಿಡಿ, ಹಾಳೆ ಮಡಚದೆ ಚಪ್ಪಟೆ ಇರಲಿ, ಮೇಲೆ ಪೌಡರ್ ಸ್ವಲ್ಪ ಉದುರಿಸಿದರೆ ಧೂಳು ಅಂಟುವುದು ಕಡಿಮೆ. ಡಬ್ಬಿಯಲ್ಲಿ ಐಸ್ ಕವರ್, ಸಿರಿಂಜ್, ಎರಡು ಹೆಚ್ಚುವರಿ ಐಆರ್‌ಎಲ್‌ಜೆಡ್44ಎನ್, ಒಂದು ಥರ್ಮಾಮೀಟರ್ ಜೊತೆಗಿರಲಿ. ಸ್ಟಾಲಿಗೆ ಹೋದ ಕೂಡಲೇ ಅಲ್ಲಿನ ಬಿಸಿ ನೋಡಿ. 31ರ ಪುಡಿಯ ಚರ್ಮ ಇದ್ದು, ಥರ್ಮಾಮೀಟರ್ 33 ತೋರಿಸಿದರೆ ಪರೀಕ್ಷಕರು ಬರುವ ಮುಂಚೆ ಐಸ್ ಇಟ್ಟು ಬಣ್ಣ ತಂದುಕೊಳ್ಳಿ. ಕೇಳಿದರೆ ಯಾಕೆ ಅಂತ ನೇರವಾಗಿ ಹೇಳಿ, ಪುಡಿಯ ಡಿಗ್ರಿ ಎಷ್ಟು, ಕೋಣೆಯ ಡಿಗ್ರಿ ಎಷ್ಟು ಅಂತ ಚೀಟಿ ಬರೆದು ಪಕ್ಕದಲ್ಲಿ ಅಂಟಿಸಿ.